ಹೀರೋ 13 ಬ್ಲ್ಯಾಕ್‌ನಲ್ಲಿ ನಿಜಕ್ಕೂ ಹೊಸದೇನಿದೆ? ಹಳೇ ಕ್ಯಾಮೆರಾ ಬಿಡೋದಾ, ಬೇಡ್ವಾ?

ತಿರುವುಗಾಲಿ

ನನ್ನ ಹತ್ರ ಇರೋ ಆ್ಯಕ್ಷನ್ ಕ್ಯಾಮೆರಾಕ್ಕೆ ಐದು ವರ್ಷ ಆಗ್ತಾ ಬಂತು. ಯಾವ ಕಂಪನಿದು ಅಂತ ಹೇಳಲ್ಲ, ಹೇಳಿದ್ರೆ ಮಾತು ಅಲ್ಲಿಗೇ ಹೋಗತ್ತೆ. ಬೆಳಕು ಹರಿಯೋ ಮೊದಲೇ ಸೈಕಲ್ ಹತ್ತೋನು ನಾನು. ಮುಕ್ಕಾಲು ದಾರಿ ಮರಗಳ ಕೆಳಗೆ, ಕಲ್ಲುಮಣ್ಣಿನ ಹಾದಿ. ಬಯಲಿಗೆ ಬಂದಾಗ ವಿಡಿಯೋ ಕನ್ನಡಿ ಥರ ಇರತ್ತೆ. ನೆರಳಿಗೆ ನುಗ್ಗಿದ ಕೂಡ್ಲೇ ಎಲೆಗಳೆಲ್ಲ ಒದ್ದೆ ಬಣ್ಣವನ್ನ ಅಂಗೈಯಲ್ಲಿ ಒರೆಸಿದ ಹಾಗೆ, ಚಿತ್ರ ಇದ್ದಲ್ಲೇ ನಡುಗತ್ತೆ. ಸ್ಟೆಬಿಲೈಸೇಶನ್ (ಕುಲುಕಾಟ ತಗ್ಗಿಸೋ ವ್ಯವಸ್ಥೆ) ಪೂರ್ತಿ ಆನ್ ಇದೆ.

ಗೋಪ್ರೋ ಕಂಪನಿಯ ಹೀರೋ 13 ಬ್ಲ್ಯಾಕ್‌ನ ಪಟ್ಟಿ ನೋಡಿದೆ. 5.3ಕೆ ವಿಡಿಯೋ, ಸೆಕೆಂಡಿಗೆ 400 ಫ್ರೇಮು, 1900 ಎಂಎಎಚ್ ಬ್ಯಾಟರಿ, ತಾನೇ ಗುರುತು ಹಿಡಿಯೋ ಲೆನ್ಸು. ಬಾಯಲ್ಲಿ ನೀರು ಬಂತು. ಆದ್ರೆ ನನ್ನ ಈ ನಡುಕ ಹೋಗತ್ತಾ? ಬಳಸಿದವರು ಹೇಳಿ.

ಹಳೇಲೆನ್ಸು

ಮೊದಲು ಏನು ಬದಲಾಗಿಲ್ಲ ಅನ್ನೋದನ್ನ ಹೇಳ್ತೀನಿ, ಪೆಟ್ಟಿಗೆ ಮೇಲೆ ಅದನ್ನ ಯಾರೂ ಬರೆಯಲ್ಲ. ಹೀರೋ 13ರ ಒಳಗಿರೋ ಚಿಪ್ ಜಿಪಿ2. ಅದು ಬಂದಿದ್ದು 2021ರಲ್ಲಿ, ಹೀರೋ 10ರ ಜೊತೆ. 1/1.9 ಇಂಚಿನ, 8:7 ಆಕಾರದ ಸೆನ್ಸರ್ ಬಂದಿದ್ದು 2022ರ ಹೀರೋ 11ರಲ್ಲಿ. 2024ರ ಹೀರೋ 13ರಲ್ಲೂ ಅದೇ ಚಿಪ್, ಅದೇ ಸೆನ್ಸರ್. ಅಂದ್ರೆ ಸಾಮಾನ್ಯ ಬೆಳಕಲ್ಲಿ 11, 12, 13 ಮೂರನ್ನೂ ಒಂದೇ ಹ್ಯಾಂಡಲ್‌ಗೆ ಕಟ್ಟಿ ಓಡಿಸಿದ್ರೆ ಯಾವ ವಿಡಿಯೋ ಯಾವುದ್ದು ಅಂತ ಹೇಳೋದು ಕಷ್ಟ.

ಬದಲಾಗಿದ್ದು ಸುತ್ತಲಿನ ಸಂಗತಿಗಳು. ಬ್ಯಾಟರಿ 1720ರಿಂದ 1900ಕ್ಕೆ ಏರಿದೆ. ಮ್ಯಾಗ್ನೆಟ್ ಲ್ಯಾಚ್ ಬಂದಿದೆ, ಸ್ಕ್ರೂ ತಿರುಗಿಸೋ ರಗಳೆ ಇಲ್ಲ (ಎದುರಾಳಿ ಕಂಪನಿ ಡಿಜೆಐ ಇದನ್ನ 2021ರ ಆ್ಯಕ್ಷನ್ 2ರಲ್ಲೇ ಮಾಡಿತ್ತು, ಗೋಪ್ರೋ ನಿಧಾನಕ್ಕೆ ಎದ್ದಿದೆ). ಹೀರೋ 12ರಲ್ಲಿ ಕಿತ್ತು ಹಾಕಿದ್ದ ಜಿಪಿಎಸ್ ವಾಪಸ್. ವೈಫೈ 6. ಎಚ್‌ಬಿ ಸರಣಿ ಲೆನ್ಸು: ಹಾಕಿದ ತಕ್ಷಣ ಕ್ಯಾಮೆರಾ ಗುರುತು ಹಿಡಿದು ಅದಕ್ಕೆ ತಕ್ಕ ಸೆಟ್ಟಿಂಗ್‌ಗೆ ಹೋಗತ್ತೆ. 177 ಡಿಗ್ರಿ ಅಲ್ಟ್ರಾ ವೈಡ್, 11 ಸೆಂಟಿಮೀಟರ್‌ವರೆಗೆ ಹತ್ತಿರ ಫೋಕಸ್ ಮಾಡೋ ಮ್ಯಾಕ್ರೋ, ಬೆಳಕು ತಗ್ಗಿಸೋ 4ರಿಂದ 32ರವರೆಗಿನ ಎನ್‌ಡಿ ಫಿಲ್ಟರ್. ಇದರಲ್ಲಿ ನನಗೆ ನಿಜವಾಗಿ ಇಷ್ಟ ಆಗಿದ್ದು ಮ್ಯಾಕ್ರೋ. ಇಷ್ಟು ವರ್ಷ ಕೈಯಲ್ಲಿರೋ ವಸ್ತುವನ್ನ ಹತ್ತಿರ ತೋರಿಸೋಕೆ ಹೋದ್ರೆ ಆ್ಯಕ್ಷನ್ ಕ್ಯಾಮೆರಾ ಮುಖ ತಿರುಗಿಸಿಕೊಳ್ತಿತ್ತು.

ಅಂಕಿಮರುಳ

400 ಫ್ರೇಮ್ ಮರೆತ್ರಾ? 13 ಪಟ್ಟು ಸ್ಲೋ ಮೋಶನ್! ನೀರಿನ ಹನಿ ಒಡೆಯೋದು ಕಾಣತ್ತೆ.

ಹಳೇಲೆನ್ಸು

ಮರೆತಿಲ್ಲ, ಬೇಕಂತಲೇ ಬಿಟ್ಟೆ. 400 ಫ್ರೇಮ್ ಸಿಗೋದು 720ಪಿಯಲ್ಲಿ. ಒಂದು 4ಕೆ ಫ್ರೇಮಲ್ಲಿ ಅಂಥ 9 ಫ್ರೇಮ್ ಹಿಡಿಸತ್ತೆ. ಸಾಲದ್ದಕ್ಕೆ 15 ಸೆಕೆಂಡ್‌ಗೆ ನಿಂತುಹೋಗತ್ತೆ. 5.3ಕೆಯಲ್ಲಿ 120 ಫ್ರೇಮ್ ಬೇಕು ಅಂದ್ರೆ ಬರೀ 5 ಸೆಕೆಂಡ್. ಈ ಮೋಡ್‌ನ ಹೆಸರೇ 'ಬರ್ಸ್ಟ್ ಸ್ಲೋ-ಮೋ', ಬರ್ಸ್ಟ್ ಅಂದ್ರೆ ಒಂದು ಸಣ್ಣ ಸಿಡಿತ, ಅದಕ್ಕೇ. 15 ಸೆಕೆಂಡಿನ 400 ಫ್ರೇಮ್ ಅಂದ್ರೆ 6000 ಚಿತ್ರ, 30ರ ವೇಗದಲ್ಲಿ ಓಡಿಸಿದ್ರೆ 3 ನಿಮಿಷ 20 ಸೆಕೆಂಡ್. ಒಬ್ಬ ಮನುಷ್ಯ ನೀರಿಗೆ ಹಾರೋದನ್ನ ಅಷ್ಟು ಹೊತ್ತು ಕೂತು ನೋಡೋರು ಹಾರಿದವನು ಒಬ್ಬನೇ.

ಇನ್ನೊಂದು. 400 ಫ್ರೇಮ್ ಅಂದ್ರೆ ಒಂದೊಂದು ಚಿತ್ರಕ್ಕೆ ಸಿಗೋ ಬೆಳಕು ಹೆಚ್ಚೆಂದರೆ ಸೆಕೆಂಡಿನ 1/400 ಭಾಗ. ಉರಿಬಿಸಿಲು ಬೇಕು. ತಿರುವುಗಾಲಿ ಅವರ ಕಾಡುಹಾದಿಯಲ್ಲಿ ಕತ್ತಲೆ ಅಷ್ಟೇ ಕಾಣೋದು.

ನೆರಳುಬೆಳಕು

@ತಿರುವುಗಾಲಿ, ನಡುಗೋ ಕ್ಲಿಪ್‌ನಲ್ಲಿ ಶಟರ್ ಸ್ಪೀಡ್ (ಒಂದೊಂದು ಚಿತ್ರಕ್ಕೆ ಬೆಳಕು ಬೀಳೋ ಹೊತ್ತು) ಎಷ್ಟಿತ್ತು, ಎಷ್ಟು ಫ್ರೇಮ್‌ನಲ್ಲಿ ತೆಗೆದ್ರಿ? ಒಂದೇ ಒಂದು ಫ್ರೇಮನ್ನ ನಿಲ್ಲಿಸಿ ನೋಡಿ. ನಿಂತ ಚಿತ್ರವೇ ಮಸುಕಾಗಿದೆಯಾ, ಅಥವಾ ನಿಂತಾಗ ಸ್ಪಷ್ಟ ಇದ್ದು ಓಡುವಾಗ ಮಾತ್ರ ನಡುಗತ್ತಾ?

ತಿರುವುಗಾಲಿ

4ಕೆ 30. ಶಟರ್ ಆಟೋ. ನಿಲ್ಲಿಸಿ ನೋಡಿದೆ, ನಿಂತ ಚಿತ್ರವೇ ಎಳೆದ ಹಾಗಿದೆ. ಒಂದು ಫ್ರೇಮ್ ಎಡಕ್ಕೆ ಎಳೆದಿದ್ರೆ ಮುಂದಿನದು ಕೆಳಕ್ಕೆ.

ನೆರಳುಬೆಳಕು

ಹಾಗಾದ್ರೆ ರೋಗ ಗೊತ್ತಾಯ್ತು. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಈ ಒಂದು ಕಾರಣಕ್ಕೇ ಎಷ್ಟೋ ಜನ ವರ್ಷಕ್ಕೊಂದು ಕ್ಯಾಮೆರಾ ಬದಲಾಯಿಸ್ತಾರೆ.

ಈ ಕ್ಯಾಮೆರಾಗಳ ಸ್ಟೆಬಿಲೈಸೇಶನ್‌ನಲ್ಲಿ ಲೆನ್ಸಾಗಲಿ ಸೆನ್ಸರಾಗಲಿ ಅಲುಗಲ್ಲ. ಗೈರೋ ಅನ್ನೋ ಪುಟ್ಟ ಸೆನ್ಸರ್ ಕ್ಯಾಮೆರಾ ಯಾವ ಕಡೆ ಎಷ್ಟು ತಿರುಗಿತು ಅಂತ ಸೆಕೆಂಡಿಗೆ ನೂರಾರು ಸಲ ಬರೆದಿಟ್ಟುಕೊಳ್ಳತ್ತೆ. ಚಿಪ್ ಆ ಲೆಕ್ಕ ನೋಡಿ ಪ್ರತಿ ಫ್ರೇಮನ್ನ ಉಲ್ಟಾ ದಿಕ್ಕಿಗೆ ಸರಿಸಿ, ಅಂಚು ಕತ್ತರಿಸಿ ಕೊಡತ್ತೆ. ಹೀರೋ 7ರಲ್ಲಿ, 2018ರಲ್ಲಿ, ಗೋಪ್ರೋದ ಸ್ಟೆಬಿಲೈಸೇಶನ್ ಹೈಪರ್‌ಸ್ಮೂತ್ ಬಂದಾಗಿಂದ ಇದೇ ಆಟ. ಹೀಗೆ ಅದು ಒಂದು ಫ್ರೇಮಿಗೂ ಇನ್ನೊಂದು ಫ್ರೇಮಿಗೂ ನಡುವಿನ ಕುಲುಕಾಟ ತೆಗೀಬಲ್ಲದು. ಒಂದೇ ಫ್ರೇಮಿನ ಒಳಗೆ, ಶಟರ್ ತೆರೆದಿದ್ದಾಗ ಆದ ಕುಲುಕಾಟ ಚಿತ್ರದಲ್ಲೇ ಕಲಸಿಹೋಗಿರತ್ತೆ. ಅದನ್ನ ಬಿಡಿಸೋಕೆ ಬರಲ್ಲ.

ಬಿಸಿಲಲ್ಲಿ ಶಟರ್ 1/2000ದ ಆಸುಪಾಸು ಓಡತ್ತೆ. ಅಷ್ಟರಲ್ಲಿ ಸೈಕಲ್ ಎಷ್ಟು ಕುಲುಕೀತು? ಪ್ರತಿ ಫ್ರೇಮೂ ಕೊರೆದಿಟ್ಟ ಹಾಗಿರತ್ತೆ, ಸ್ಟೆಬಿಲೈಸೇಶನ್ ಜಾದೂ ಥರ ಕಾಣತ್ತೆ. ನೆರಳಿಗೆ ಬಂದಾಗ ಆಟೋ ಮೋಡ್ ಶಟರನ್ನ 1/30ಕ್ಕೆ ಇಳಿಸತ್ತೆ. ಆ ಹೊತ್ತಲ್ಲಿ ಚಕ್ರ ಒಂದು ಕಲ್ಲು ಹತ್ತಿ ಇಳಿದಿರತ್ತೆ. ಮಸುಕು ಫ್ರೇಮುಗಳನ್ನೆಲ್ಲ ಚಿಪ್ ಒಂದೇ ಸಾಲಿಗೆ ತಂದು ನಿಲ್ಲಿಸತ್ತೆ. ಸ್ಥಾನ ಅಲುಗಲ್ಲ, ಆದ್ರೆ ಮಸುಕಿನ ದಿಕ್ಕು ಪ್ರತಿ ಫ್ರೇಮಿಗೂ ಬೇರೆ. ಅದೇ ನಿಮ್ಮ 'ಇದ್ದಲ್ಲೇ ನಡುಕ'.

ಸೆನ್ಸರ್ ಮತ್ತು ಬೆಳಕು ಅಷ್ಟೇ ಇರೋವಾಗ ಹೀರೋ 13 ತಂದ್ರೂ 1/30ಕ್ಕೆ ಇಳಿದ್ರೆ ಇದೇ ಕಥೆ.

ಅಂಕಿಮರುಳ

ಹಾಗಾದ್ರೆ ಶಟರ್ 1/240ಕ್ಕೆ ಲಾಕ್ ಮಾಡಿದ್ರಾಯ್ತು. ಮುಗೀತು.

ನೆರಳುಬೆಳಕು

ಮುಗಿಯಲ್ಲ. ಈ ಕ್ಯಾಮೆರಾದಲ್ಲಿ ಅಪರ್ಚರ್ (ಬೆಳಕು ಒಳಬರೋ ಕಿಂಡಿ) ಸ್ಥಿರ, ಮುಚ್ಚಿ ತೆರೆಯೋಕೆ ಬರಲ್ಲ. ಲಾಕ್ ಮಾಡಿಕೊಂಡು ನೆರಳಿಂದ ಬಯಲಿಗೆ ಬಂದ ಕೂಡ್ಲೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಷ್ಟು ಇಳಿದರೂ ಸಾಲಲ್ಲ, ಪೂರ್ತಿ ಬಿಳಿ. ಸೈಕಲ್ ಮೇಲಿಂದ ಪ್ರತಿ ತಿರುವಿಗೂ ಸೆಟ್ಟಿಂಗ್ ಬದಲಾಯಿಸ್ತೀರಾ?

ಸುಲಭದ ಉಪಾಯ ಫ್ರೇಮ್ ರೇಟ್ 60ಕ್ಕೆ ಹಾಕೋದು. 60 ಫ್ರೇಮ್ ತೆಗೀವಾಗ ಶಟರ್ 1/60ಕ್ಕಿಂತ ನಿಧಾನ ಆಗೋಕೆ ಸಾಧ್ಯವೇ ಇಲ್ಲ, ಬಯಲಲ್ಲಿ ಬೇಕಾದಷ್ಟು ವೇಗಕ್ಕೆ ತಾನೇ ಹೋಗತ್ತೆ. ಮಸುಕು ಅರ್ಧಕ್ಕೆ ಇಳಿಯತ್ತೆ. ಬೆಲೆ ಏನು ಅಂದ್ರೆ ಬೆಳಕೂ ಅರ್ಧ, ಹಾಗಾಗಿ ಕಾಳು (ಚಿತ್ರದ ಮೇಲಿನ ಚುಕ್ಕಿಗಳು) ಜಾಸ್ತಿ. ಐಎಸ್‌ಒ ಮೇಲ್ಮಿತಿಯನ್ನ ಸ್ವಲ್ಪ ಏರಿಸಿ ಬಿಡಿ. ಕಾಳನ್ನ ಆಮೇಲೆ ಸ್ವಲ್ಪ ಕಮ್ಮಿ ಮಾಡಬಹುದು, ಮಸುಕನ್ನ ಆಗಲ್ಲ. ಇನ್ನೊಂದು: ಕ್ಯಾಮೆರಾನ ಹ್ಯಾಂಡಲ್ ಮೇಲಿಂದ ತೆಗೆದು ಎದೆಗೆ ಕಟ್ಟಿ. ಮೊಣಕೈ, ಭುಜ, ಬೆನ್ನು ಇವೆಲ್ಲ ಸೇರಿ ಆಗೋ ಶಾಕ್ ಅಬ್ಸಾರ್ಬರ್‌ನ ಯಾವ ಕಂಪನಿಯೂ ಇನ್ನೂ ಮಾಡಿಲ್ಲ.

ದಂಡೆಯಾಚೆ

ಇದ ಮಾತಿಗೆ ಎನ್‌ಡಿ ಫಿಲ್ಟರಿನ ಬಗ್ಗೆನೂ ಹೇಳಿಬಿಡ್ರಿ. ಎಲ್ಲಾರೂ 'ಸಿನಿಮಾ ಲುಕ್' ಅಂತ ಎನ್‌ಡಿ ಹಾಕ್ಕೊಂಡ ಗುಡ್ಡ ಇಳೀತಾರ, ಆಮ್ಯಾಲೆ ಸ್ಟೆಬಿಲೈಸೇಶನ್ ಸರಿ ಇಲ್ಲ ಅಂತ ಅಳ್ತಾರ. ಕುಣಿಲಾರದಾಕಿ ನೆಲ ಡೊಂಕು ಅಂದಳಂತ.

ನೆರಳುಬೆಳಕು

ನೂರಕ್ಕೆ ನೂರು. ಎನ್‌ಡಿ ಅಂದ್ರೆ ಕ್ಯಾಮೆರಾಕ್ಕೆ ಕಪ್ಪು ಕನ್ನಡಕ. ಬೆಳಕು ತಗ್ಗಿಸಿ ಶಟರನ್ನ ಫ್ರೇಮ್ ರೇಟಿನ ಎರಡರಷ್ಟಕ್ಕೆ, ಅಂದ್ರೆ 30 ಫ್ರೇಮಿಗೆ 1/60ಕ್ಕೆ ತರೋದು ಅದರ ಕೆಲಸ. ರಸ್ತೆ ನಯವಾಗಿದ್ದು ಕ್ಯಾಮೆರಾ ಗಟ್ಟಿಯಾಗಿ ಕೂತಿದ್ರೆ ಅಂಚಿನ ಮರಗಳು ಹಿತವಾಗಿ ಹರಿದು ಹೋಗತ್ವೆ, ಚೆಂದ. ಕಲ್ಲುಹಾದಿಯಲ್ಲಿ ಎನ್‌ಡಿ ಹಾಕೋದು ಅಂದ್ರೆ ತಿರುವುಗಾಲಿ ಅವರ ಕಾಡಿನ ನೆರಳನ್ನ ದುಡ್ಡು ಕೊಟ್ಟು ಬಿಸಿಲಿಗೂ ತಂದ ಹಾಗೆ.

ಗೆರೆದಾಟು

ಎಲ್ಲ ಸರಿ ಮಾರಾಯ್ರೇ, ಆದರೆ ಕತ್ತಲೆಗೆ ನಿಜವಾದ ಮದ್ದು ದೊಡ್ಡ ಸೆನ್ಸರ್ ಅಲ್ವಾ? ಡಿಜೆಐಯ ಓಸ್ಮೋ ಆ್ಯಕ್ಷನ್ 5 ಪ್ರೋ, ಇನ್‌ಸ್ಟಾ360 ಕಂಪನಿಯ ಏಸ್ ಪ್ರೋ 2, ಎರಡರಲ್ಲೂ 1/1.3 ಇಂಚು. ಎರಡೂ 2024ರವೇ. ಭಿನ್ನರಾಶಿ ಲೆಕ್ಕ ಹಾಕಿದರೆ 1/1.9ರ ಎದುರು ವಿಸ್ತೀರ್ಣ ಎರಡು ಪಟ್ಟಿನ ಹತ್ತಿರ ಬರ್ತದೆ. ನಾನು ಆ್ಯಕ್ಷನ್ 5 ಪ್ರೋ ಇಟ್ಟುಕೊಂಡು ಮುಸ್ಸಂಜೆ ಓಡಾಡ್ತೇನೆ, ಮೊಬೈಲಿಗಿಂತ ತೀರಾ ಹಿಂದೆ ಬಿದ್ದಿದೆ ಅಂತ ಅನಿಸ್ಲಿಲ್ಲ. ಆ್ಯಕ್ಷನ್ ಕ್ಯಾಮೆರಾಕ್ಕೆ ಅದು ದೊಡ್ಡ ಮಾತು.

ಹಳೇಲೆನ್ಸು

ಒಪ್ಪಿದೆ. ಈ ಒಂದು ವಿಷಯದಲ್ಲಿ ಹೀರೋ 13 ಹಿಂದೆ. ಆದ್ರೆ ಆ 'ಇಂಚು' ಅನ್ನೋ ಮೋಸ ಗೊತ್ತಿರಲಿ. ಅದು ಹಳೇ ಟಿವಿ ಕ್ಯಾಮೆರಾ ಟ್ಯೂಬುಗಳ ಹೊರಸುತ್ತಿನ ಅಳತೆಯಿಂದ ಬಂದ ಲೆಕ್ಕ. 1 ಇಂಚಿನ ಸೆನ್ಸರ್ ಅಂತ ಮಾರೋದರ ನಿಜ ಅಳತೆ 13.2 ಗುಣಿಸು 8.8 ಮಿಲಿಮೀಟರ್, ಕರ್ಣ 16 ಮಿಲಿಮೀಟರ್‌ಗೂ ಚೂರು ಕಮ್ಮಿ. 25.4 ಎಲ್ಲಿ ಹೋಯ್ತು ಅಂತ ಕೇಳಬೇಡಿ. ಹೋಲಿಕೆಗೆ ಪರವಾಗಿಲ್ಲ, ಸ್ಕೇಲ್ ಹಿಡಿದು ಅಳೀಬೇಡಿ.

ಅಂಕಿಮರುಳ

ಏಸ್ ಪ್ರೋ 2ರಲ್ಲಿ 8ಕೆ 30 ಇದೆ. 33 ಮೆಗಾಪಿಕ್ಸೆಲ್ ವಿಡಿಯೋ! ಇದಕ್ಕೂ ತಣ್ಣೀರು ಎರಚ್ತೀರಾ?

ಗೆರೆದಾಟು

ಎರಚುವವನು ನಾನೇ. 8ಕೆಯ ಲಾಭ ಒಂದೇ: ಆಮೇಲೆ ಕತ್ತರಿಸಿಕೊಳ್ಳಬಹುದು. ಹಗಲು ಹೊತ್ತು, ದೂರದ ದೃಶ್ಯ, ಕ್ಯಾಮೆರಾ ಹೆಚ್ಚು ಅಲುಗದೆ ಇದ್ದರೆ ಚೆಂದ. ಮಬ್ಬು ಬೆಳಕಲ್ಲಿ 8ಕೆಗೆ ಹೋದರೆ ಅದೇ ಬೆಳಕನ್ನ ನಾಲ್ಕು ಪಟ್ಟು ಪಿಕ್ಸೆಲ್‌ಗೆ ಹಂಚಬೇಕು. ಏಸ್ ಪ್ರೋ 2ರಲ್ಲಿ ನನಗೆ ಹೊಟ್ಟೆಕಿಚ್ಚು ಆಗುವುದು 8ಕೆ ನೋಡಿ ಅಲ್ಲ, ಮೇಲಕ್ಕೆ ಮಡಚುವ 2.5 ಇಂಚಿನ ಸ್ಕ್ರೀನ್ ನೋಡಿ, ಮತ್ತೆ ಸ್ಕ್ರಾಚ್ ಬಿದ್ದರೆ ಬಳಸುವವರೇ ತಿರುಗಿಸಿ ಬದಲಾಯಿಸಬಹುದಾದ ಲೆನ್ಸ್ ಗಾರ್ಡ್ ನೋಡಿ.

ದಂಡೆಯಾಚೆ

ನಾ ನೀರಿನ ಮನುಷ್ಯ, ನಂದೂ ಎರಡ ಮಾತು. ಹೌಸಿಂಗ್ (ನೀರು ತಡಿಯೂ ಹೊರಪೆಟ್ಟಿಗಿ) ಇಲ್ಲದ ಹೀರೋ 13 ನೀರಾಗ 10 ಮೀಟರ್ ತನಕ, ಏಸ್ ಪ್ರೋ 2 12, ಆ್ಯಕ್ಷನ್ 5 ಪ್ರೋ 20 ಮೀಟರ್. ಅದು ಬಾಗಿಲು ಸರಿ ಮುಚ್ಚಿದ್ರ ಮಾತ್ರ. ರಬ್ಬರಿನ ಮ್ಯಾಲೆ ಒಂದ ಉಸುಕಿನ ಕಾಳು, ಒಂದ ಕೂದಲ ಇದ್ರ ಸಾಕು. ನಂದೊಂದು ಹಳೇ ಕ್ಯಾಮೆರಾ ಮೊಣಕಾಲುದ್ದ ನೀರಾಗ ತೀರ್ಕೊಂಡತು, ತಪ್ಪು ನಂದ. ಬ್ಯಾಟರಿ ಬದಲಿ ಮಾಡಿ 'ಕ್ಲಿಕ್' ಸಪ್ಪಳ ಕೇಳೂದ್ರಾಗ ನೀರಿಗಿ ಇಳದಿದ್ದೆ. ಉಪ್ಪುನೀರಿಂದ ಬಂದ ಮ್ಯಾಲೆ ಬಾಗಿಲಾ ಮುಚ್ಚಿಟ್ಟ ಸಿಹಿನೀರಾಗ ತೊಳೀರಿ, ಪೂರಾ ಒಣಗಿದ ಮ್ಯಾಲೆ ತಗೀರಿ.

ಇನ್ನೊಂದು, ನೀರಾಗ ಮೊದಲು ಮಾಯ ಆಗೂದು ಕೆಂಪು ಬಣ್ಣ. ಕೆಲವೇ ಮೀಟರ್ ಇಳಿದ್ರ ಎಲ್ಲಾ ನೀಲಿ-ಹಸಿರು. ಅಲ್ಲೆ 10 ಬಿಟ್ ಉಪಯೋಗಕ್ಕ ಬರ್ತದ. 8 ಬಿಟ್‌ನಾಗ ಒಂದೊಂದು ಬಣ್ಣಕ್ಕ 256 ಮೆಟ್ಟಲು, 10 ಬಿಟ್‌ನಾಗ 1024. ಉಳಿದ ಚೂರುಪಾರು ಕೆಂಪನ್ನ ಎಡಿಟಿಂಗಿನಾಗ ಎತ್ತಿ ಹಿಡಿವಾಗ ಪಟ್ಟಿ ಪಟ್ಟಿ ಒಡ್ಯಾಂಗಿಲ್ಲ. ನೆಲದ ಮ್ಯಾಲೆ ಬರೇ ಅಪ್‌ಲೋಡ್ ಮಾಡವ್ರಿಗೆ ಇದು ಬ್ಯಾಡ ಅನ್ರಿ.

ತಿರುವುಗಾಲಿ

ಬ್ಯಾಟರಿ ಬಗ್ಗೆ ಯಾರೂ ಹೇಳ್ಲಿಲ್ಲ. 1900 ಅಂದ್ರೆ ನಿಜಕ್ಕೂ ಎಷ್ಟು ಹೊತ್ತು? ಡಿಜೆಐಯವರು 4 ಗಂಟೆ ಅಂತಾರೆ.

ಹಳೇಲೆನ್ಸು

ಎರಡೂ ಕಂಪನಿಯ ಮಾತನ್ನ ಪಕ್ಕಪಕ್ಕ ಇಡೋಕೆ ಆಗಲ್ಲ. ಗೋಪ್ರೋ ಹೇಳೋದು 5.3ಕೆ 30ರಲ್ಲಿ ಒಂದೂವರೆ ಗಂಟೆ, 1080ಪಿ 30ರಲ್ಲಿ ಎರಡೂವರೆ. ಡಿಜೆಐಯ 4 ಗಂಟೆ 1080ಪಿ 24ರಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ವೈಫೈ ಬಂದ್, ಸ್ಕ್ರೀನ್ ಬಂದ್. ಅದರ ಬ್ಯಾಟರಿ 1950, ಹೀರೋ 13ರದ್ದು 1900. ವ್ಯತ್ಯಾಸ 50. ಉಳಿದದ್ದು ಸ್ವಲ್ಪ ಚಿಪ್ಪಿನ ಮಿತವ್ಯಯ, ಸ್ವಲ್ಪ ಪರೀಕ್ಷೆ ಮಾಡಿದ ರೀತಿ. 4ಕೆ 60, ಸ್ಟೆಬಿಲೈಸೇಶನ್ ಆನ್, ಆಗಾಗ ಸ್ಕ್ರೀನ್ ನೋಡ್ತೀರಿ ಅಂದ್ರೆ ಯಾವುದಾದ್ರೂ ಸರಿ, ಎರಡನೇ ಬ್ಯಾಟರಿ ಜೇಬಲ್ಲಿರಲಿ.

ಚಳಿಯಲ್ಲಿ ಲಿಥಿಯಂ ಬ್ಯಾಟರಿ ಸೊರಗತ್ತೆ, ಒಳಜೇಬಲ್ಲಿ ಮೈಗೆ ತಾಗಿಸಿ ಇಟ್ಕೊಳ್ಳಿ. ಹೀರೋ 9ರಿಂದ 12ರವರೆಗಿನ ಬ್ಯಾಟರಿ ಇರೋರು ಗಮನಿಸಿ: 13ರ ಬ್ಯಾಟರಿ ಆಕಾರವೇ ಬೇರೆ, ಹಳೇದು ಹಿಡಿಸಲ್ಲ. ಡಬ್ಬಿ ತುಂಬ ಕೂಡಿಟ್ಟವರಿಗೆ ಇದು ಸಣ್ಣ ವಿಷಯ ಅಲ್ಲ.

ಮೂಲೆಮೇಜು

ಬಿಸಿಯಾಗೋದು? ನನ್ನ ಕ್ಯಾಮೆರಾ (ಇವುಗಳಲ್ಲಿ ಯಾವುದೂ ಅಲ್ಲ) ಮೇಜಿನ ಮೇಲೆ ಇಟ್ಟು ಪಾಠ ರೆಕಾರ್ಡ್ ಮಾಡಿದ್ರೆ ಅರ್ಧ ಗಂಟೆಗೆ ಆಫ್.

ನೆರಳುಬೆಳಕು

ಈ ಜಾತಿಯ ಕ್ಯಾಮೆರಾ ಎಲ್ಲ ಹಾಗೇ. ಒಳಗೆ ಫ್ಯಾನ್ ಇಲ್ಲ, ನೀರು ಹೋಗದ ಹಾಗೆ ಬಿಗಿದ ಪೆಟ್ಟಿಗೆ, ಮೈಮೇಲೆ ಗಾಳಿ ಬೀಸ್ತಿರತ್ತೆ ಅಂತ ನಂಬಿಕೊಂಡು ಮಾಡಿದ್ದು. ಕೂತಲ್ಲಿ ರೆಕಾರ್ಡ್ ಮಾಡೋದಾದ್ರೆ 1080ಪಿ 30ಕ್ಕೆ ಇಳಿಸಿ, ಸ್ಟೆಬಿಲೈಸೇಶನ್ ಆಫ್ ಮಾಡಿ (ಮೇಜು ಓಡಿಹೋಗಲ್ಲ), ಬ್ಯಾಟರಿ ತೆಗೆದು ಕೇಬಲ್‌ನಿಂದ ಓಡೋ ಮಾಡೆಲ್ ಆದ್ರೆ ಹಾಗೆ ಓಡಿಸಿ, ಒಂದು ಸಣ್ಣ ಫ್ಯಾನ್ ಇಡಿ. ಅಥವಾ ಪಾಠಕ್ಕೆ ಬೇರೆ ಕ್ಯಾಮೆರಾ ನೋಡಿ.

ಗೆರೆದಾಟು

ಕಾರ್ಡಿನ ಲೆಕ್ಕವೂ ಇರಲಿ. ವಿಡಿಯೋ 120 ಎಂಬಿಪಿಎಸ್ (ಸೆಕೆಂಡಿಗೆ 120 ಮೆಗಾಬಿಟ್) ಅಂದರೆ ಎಂಟರಿಂದ ಭಾಗಿಸಿ, ಸೆಕೆಂಡಿಗೆ 15 ಮೆಗಾಬೈಟ್, ಗಂಟೆಗೆ 54 ಜಿಬಿ. ವಿ30 ಅಂತ ಬರೆದ ಕಾರ್ಡು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯಬೇಕು, ಧಾರಾಳ ಸಾಕು. ನಕಲಿ ಕಾರ್ಡು ಮಾತ್ರ ಜೀವ ತೆಗೀತದೆ. ಆ್ಯಕ್ಷನ್ 5 ಪ್ರೋ ಒಳಗೇ 47 ಜಿಬಿ ಇದೆ. ಕಾರ್ಡನ್ನ ಕಂಪ್ಯೂಟರಲ್ಲೇ ಮರೆತು ಹೋದ ದಿನ ಅದರ ಬೆಲೆ ಗೊತ್ತಾಯ್ತು ನನಗೆ.

ದೂರಮಾಪಕ

ಸೈಕಲ್‌ನವರಿಗೆ ಜಿಪಿಎಸ್ ವಾಪಸ್ ಬಂದಿದ್ದೇ ದೊಡ್ಡ ಸುದ್ದಿ. ವಿಡಿಯೋ ಮೇಲೆ ವೇಗ, ಏರು, ದಾರಿ ಎಲ್ಲ ಮೂಡಿಸಬಹುದು. 2023ರಲ್ಲಿ ಹೀರೋ 12ರಿಂದ ಅದನ್ನ ತೆಗೆದಿದ್ದು ಯಾವ ಬುದ್ಧಿವಂತಿಕೆಯೋ.

ಹಳೇಲೆನ್ಸು

ಹ್ಯಾಂಡಲ್ ಮೇಲೆ ಸೈಕಲ್ ಕಂಪ್ಯೂಟರ್ ಇದ್ರೆ ಅದರ ಫೈಲ್ ಎಡಿಟಿಂಗಲ್ಲಿ ಸೇರಿಸ್ಕೋಬಹುದು, ಅಂಥವರಿಗೆ ಅಷ್ಟೇನೂ ನಷ್ಟ ಇರ್ಲಿಲ್ಲ. ಬಾಕಿಯವರಿಗೆ ನೀವು ಹೇಳಿದ್ದು ಸರಿ.

ಗೈರೋ ಲೆಕ್ಕ ಕೂಡ ಫೈಲ್ ಒಳಗೇ ಕೂತಿರತ್ತೆ. ಗೈರೋಫ್ಲೋ ಅಂತ ಓಪನ್ ಸೋರ್ಸ್ ತಂತ್ರಾಂಶ ಇದೆ. ಕ್ಯಾಮೆರಾದ ಸ್ಟೆಬಿಲೈಸೇಶನ್ ಆಫ್ ಮಾಡಿ ತೆಗೆದು, ಮನೆಗೆ ಬಂದು ಕಂಪ್ಯೂಟರಲ್ಲಿ ಎಷ್ಟು ಕತ್ತರಿಸಬೇಕು, ಎಷ್ಟು ನಯ ಬೇಕು ಅಂತ ನೀವೇ ನಿರ್ಧರಿಸಬಹುದು. ಕ್ಯಾಮೆರಾಕ್ಕೆ ಮುಂದೇನು ಬರತ್ತೆ ಅಂತ ಹೆಚ್ಚು ಗೊತ್ತಿರಲ್ಲ, ಕಂಪ್ಯೂಟರಿಗೆ ಇಡೀ ಸವಾರಿ ಗೊತ್ತಿರತ್ತೆ. ತಿರುವುಗಳಲ್ಲಿ ವ್ಯತ್ಯಾಸ ಕಾಣತ್ತೆ. ಮಸುಕನ್ನ ಮಾತ್ರ ಇದೂ ತೆಗೆಯಲ್ಲ.

ತಿರುವುಗಾಲಿ

ವಾರ ಬಿಟ್ಟು ಬಂದೆ, ಕ್ಷಮಿಸಿ. ಮೂರು ದಿನ ಅದೇ ಹಾದಿಯಲ್ಲಿ ತೆಗೆದೆ. ಮೊದಲ ದಿನ 4ಕೆ 60, ಹ್ಯಾಂಡಲ್ ಮೇಲೆ. ಎರಡನೇ ದಿನ 4ಕೆ 60, ಎದೆ ಮೇಲೆ. ಮೂರನೇ ದಿನ ಗೆರೆದಾಟು ಅವರ ಮಾತು ಕೇಳಿ ಗೆಳೆಯನ ಹತ್ರ 1/1.3 ಇಂಚಿನ ಸೆನ್ಸರ್ ಇರೋದನ್ನ ಕೇಳಿ ತಂದು, ಎರಡನ್ನೂ ಒಟ್ಟಿಗೇ ಎದೆಗೆ ಕಟ್ಟಿಕೊಂಡೆ. ಎದುರು ಬಂದ ಓಟಗಾರ ಒಬ್ಬ ನಿಂತೇ ನೋಡಿದ.

ಹ್ಯಾಂಡಲಿಂದ ಎದೆಗೆ ಬಂದಿದ್ದೇ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ, ಇದನ್ನ ನಾನು ನಿರೀಕ್ಷಿಸಿರಲಿಲ್ಲ. ಸೂರ್ಯ ಹುಟ್ಟಿದ ಮೇಲೆ ಮರದ ಕೆಳಗೆ ಹಳೇ ಕ್ಯಾಮೆರಾದಲ್ಲೂ ನಡುಕ ಮಾಯ, ಸ್ವಲ್ಪ ಕಾಳು ಇದೆ. ಹುಟ್ಟೋ ಮೊದಲಿನ ಇಪ್ಪತ್ತು ನಿಮಿಷದಲ್ಲಿ ಮಾತ್ರ ದೊಡ್ಡ ಸೆನ್ಸರ್‌ನದ್ದೇ ಮೇಲುಗೈ. ನನ್ನದರಲ್ಲಿ ತೊಗಟೆ ಕಪ್ಪು ಮುದ್ದೆ, ಅದರಲ್ಲಿ ಬಿರುಕು ಎಣಿಸಬಹುದು.

ಹಾಗಾಗಿ ಹೀರೋ 13 ಪಟ್ಟಿಯಿಂದ ಹೊರಗೆ. ಮ್ಯಾಕ್ರೋ ಲೆನ್ಸ್ ಬಗ್ಗೆ ಆಸೆ ಇದೆ, ಆದ್ರೆ ನಾನು ತೆಗೆಯೋದು ಹಾದಿ, ಹುಳ ಅಲ್ಲ. ಆ ಇಪ್ಪತ್ತು ನಿಮಿಷಕ್ಕೆ ಹೊಸದೊಂದು ಬೇಕಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ನೆರಳುಬೆಳಕು

ಇಪ್ಪತ್ತು ನಿಮಿಷ ತಡವಾಗಿ ಹೊರಡಬಹುದಲ್ಲ?

ತಿರುವುಗಾಲಿ

ಆ ಹೊತ್ತಲ್ಲೇ ಮಂಜು ಇರೋದು ಸ್ವಾಮಿ.

ಅಂಕಿಮರುಳ

ಹಾಗಾದ್ರೆ 8ಕೆ ತಗೊಳ್ಳಿ.